ಡಿಮೆನ್ಶಿಯಾ ಇರೋರನ್ನ ಯಾರು, ಎಲ್ಲಿ, ಹೇಗೆ ನೋಡ್ಕೊಳ್ಳೋದು: ನೋಡ್ಕೊಳ್ಳೋರ ಕಡೆಯಿಂದ ಒಂದು ಹೋಲಿಕೆ

ನಮ್ಮತ್ತೆಗೆ ಡಿಮೆನ್ಶಿಯಾ (ನೆನಪು, ಯೋಚನೆ ಕೆಡ್ತಾ ಹೋಗೋ ಮೆದುಳಿನ ಕಾಯಿಲೆ) ಅಂತ ಗೊತ್ತಾದ ಮೇಲೆ ಆರು ವರ್ಷದಲ್ಲಿ ನಾವು ಹೆಚ್ಚೂಕಮ್ಮಿ ಎಲ್ಲಾ ಥರದ ವ್ಯವಸ್ಥೆನೂ ಮಾಡಿ ನೋಡಿಬಿಟ್ವಿ. ಮೊದಲು ನಾನೊಬ್ಳೇ, ಆಮೇಲೆ ಮಕ್ಕಳ ಮನೆಗಳಲ್ಲಿ ಪಾಳಿ, ಆಮೇಲೆ ಮನೆಗೆ ಬರೋ ಆಯಾ, ಡೇ ಕೇರ್, ಕೊನೆಗೆ ಅಲ್ಲೇ ಉಳ್ಕೊಳ್ಳೋ ಕೇರ್ ಹೋಮ್. ಪ್ರತಿ ಸಲ ಮನೆಯವರೆಲ್ಲ ಕೂತು ಮಾತಾಡ್ದಾಗ್ಲೂ "ಅಮ್ಮಂಗೆ ಯಾವುದು ಒಳ್ಳೇದು" ಅಂತಲೇ ಚರ್ಚೆ, ನೋಡ್ಕೊಳ್ಳೋರಿಗೆ ಯಾವುದು ತಡೆಯತ್ತೆ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ, ಸತ್ಯ ಹೇಳ್ಬೇಕು ಅಂದ್ರೆ ನಾನೂ ಬಿಡ್ಲಿಲ್ಲ, ಸ್ವಾರ್ಥ ಅನ್ಕೊಂಡಾರು ಅಂತ. ಅದಕ್ಕೇ ಈ ಹೋಲಿಕೆನ ಬೇಕಂತಲೇ ಆ ಕಡೆಯಿಂದ ಬರೀತಿದೀನಿ. ಯಾವ ವ್ಯವಸ್ಥೆಲಿ ನಿಮ್ಮ ಹೆಗಲ ಮೇಲಿಂದ ಏನು ಇಳಿಯತ್ತೆ, ಏನು ಹಂಗೇ ಉಳಿಯತ್ತೆ, ಇಷ್ಟೇ ಪ್ರಶ್ನೆ.

ಮೊದಲು ಭಾರ ಅಂದ್ರೆ ಯಾವುದು ಅಂತ ಬಿಡಿಸಿ ನೋಡ್ಬೇಕು, ಯಾಕಂದ್ರೆ "ಸುಸ್ತು" ಅನ್ನೋ ಒಂದೇ ಪದದಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆ ಸೇರ್ಕೊಂಡಿರತ್ತೆ. ರಾತ್ರಿ ನಿದ್ದೆ ಕೆಡೋದು ಒಂದು. ಎತ್ತಿ ಇಳಿಸಿ ಸ್ನಾನ ಮಾಡ್ಸಿ ಬಟ್ಟೆ ಬದಲಾಯಿಸಿ ಸೊಂಟ ಹೋಗೋದು ಇನ್ನೊಂದು. ಒಂದೇ ಪ್ರಶ್ನೆನ ಗಂಟೆಗೆ ಇಪ್ಪತ್ತು ಸಲ ಕೇಳಿಸ್ಕೊಂಡು ತಲೆ ಚಿಟ್ಟು ಹಿಡಿಯೋದು, "ನನ್ನ ಪರ್ಸ್ ನೀನೇ ಕದ್ದಿದೀಯ" ಅನ್ನಿಸ್ಕೊಳ್ಳೋದು ಮೂರನೇದು (ಪರ್ಸ್ ದಿಂಬಿನ ಕವರ್ ಒಳಗೆ ಸಿಗ್ತಿತ್ತು, ಸಿಕ್ಕಿದ ಮೇಲೂ ಕದ್ದವಳು ನಾನೇ). ಸ್ನೇಹಿತರು, ಕೆಲಸ, ಹೊರಗಡೆ ಓಡಾಟ ಎಲ್ಲ ಒಂದೊಂದಾಗಿ ಬಿಟ್ಟುಹೋಗಿ ಒಂಟಿಯಾಗೋದು ಮತ್ತೊಂದು. ಇವೆಲ್ಲಕ್ಕಿಂತ ಕೆಳಗೆ ಇನ್ನೊಂದಿದೆ, ಮನುಷ್ಯ ಕಣ್ಣೆದುರು ಕೂತಿದಾರೆ ಆದ್ರೆ ನಮಗೆ ಗೊತ್ತಿದ್ದ ಆ ಮನುಷ್ಯ ಇಲ್ಲ ಅನ್ನೋ ದುಃಖ. ಅಮೆರಿಕದ ಕುಟುಂಬ ಚಿಕಿತ್ಸಕಿ ಪೌಲೀನ್ ಬಾಸ್ ಅನ್ನೋರು ಇದಕ್ಕೆ ಅಸ್ಪಷ್ಟ ನಷ್ಟ ಅಂತ ಹೆಸರು ಕೊಟ್ರು. ಸತ್ರೆ ಅಳೋದಕ್ಕೆ ಒಂದು ದಿನ ಅಂತ ಇರತ್ತೆ, ಇದಕ್ಕೆ ಆ ದಿನಾನೇ ಇಲ್ಲ. ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ, ಕೆಳಗೆ ಬರೆದಿರೋ ಯಾವ ವ್ಯವಸ್ಥೆನೂ ಈ ಕೊನೇ ಭಾರಾನ ಇಳಿಸಲ್ಲ. ಉಳಿದಿದ್ದನ್ನ ಇಳಿಸ್ಬಹುದು.

ಅಳತೆ ಬೇಕು ಅನ್ನೋರಿಗೆ ನೋಡ್ಕೊಳ್ಳೋರ ಭಾರ ಅಳೆಯೋ ಜ಼ಾರಿಟ್ ಪ್ರಶ್ನಾವಳಿ ಅಂತ ಇದೆ, 22 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4ರ ತನಕ ಅಂಕ, ಒಟ್ಟು 88. ಡಾಕ್ಟರ್ ಹತ್ರ ಹೋದಾಗ ರೋಗಿಯ ಮೆಮೊರಿ ಟೆಸ್ಟ್ ಮಾಡ್ತಾರಲ್ಲ, ಆಗ ನಮ್ದೂ ಒಂದು ಟೆಸ್ಟ್ ಮಾಡಿ ಅಂತ ಕೇಳಿ. ನಾಚ್ಕೋಬೇಡಿ. 1999ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕಾಯಿಲೆ ಬಿದ್ದ ಗಂಡನನ್ನೋ ಹೆಂಡತಿನೋ ನೋಡ್ಕೊಳ್ತಾ ಅದ್ರಿಂದ ಒತ್ತಡಕ್ಕೆ ಸಿಕ್ಕಿದ್ದ ವಯಸ್ಸಾದೋರು, ಆ ಜವಾಬ್ದಾರಿ ಇಲ್ಲದೋರಿಗಿಂತ ನಾಲ್ಕು ವರ್ಷದೊಳಗೆ ಸಾಯೋ ಸಾಧ್ಯತೆ 63 ಪರ್ಸೆಂಟ್ ಜಾಸ್ತಿ ಅಂತ ಕಂಡುಬಂತು. ನೋಡ್ಕೊಳ್ತಿದ್ರೂ ಒತ್ತಡ ಇಲ್ಲ ಅಂದೋರಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ಅಂದ್ರೆ ಕೊಲ್ಲೋದು ಸೇವೆ ಅಲ್ಲ, ಹೊತ್ತು ಹೊತ್ತು ಸವೆಯೋದು.

ಒಬ್ರೇ ಮನೇಲಿ ನೋಡ್ಕೊಳ್ಳೋದು

ಬಹಳ ಮನೆಗಳಲ್ಲಿ ಇದನ್ನ ಯಾರೂ ಆಯ್ಕೆ ಮಾಡಿರಲ್ಲ, ಅದಾಗೇ ಆಗ್ಬಿಟ್ಟಿರತ್ತೆ. ಯಾರು ಹತ್ರ ಇದ್ರು, ಯಾರ ಕೆಲಸ ಬಿಡ್ಸೋದು ಸುಲಭ, ಯಾರು ಬೇಡ ಅನ್ನಲ್ಲ, ಅವರ ತಲೆಗೆ ಬರತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2019ರಲ್ಲಿ ಹೀಗೆ ಮನೆಯವರು, ಆಪ್ತರು ಡಿಮೆನ್ಶಿಯಾ ಇರೋರಿಗೆ ಕೊಟ್ಟ ಆರೈಕೆ ಸರಾಸರಿ ದಿನಕ್ಕೆ 5 ಗಂಟೆ, ಆರೈಕೆಯ ಗಂಟೆಗಳಲ್ಲಿ 70 ಪರ್ಸೆಂಟ್ ಹೆಂಗಸರದ್ದು. ಐದು ಗಂಟೆ ಅಂದ್ರೆ ನಂಗೆ ನಗು ಬರತ್ತೆ, ಅದು ಸರಾಸರಿ, ಮುಂದುವರಿದ ಹಂತದಲ್ಲಿ ಗಡಿಯಾರ ನೋಡೋದೇ ಬಿಟ್ಟುಬಿಡ್ತೀರ.

ಶುರುವಿನ ಹಂತದಲ್ಲಿ ಇದು ನಿಜಕ್ಕೂ ಒಳ್ಳೇ ವ್ಯವಸ್ಥೆ. ಜಾಗ ಬದಲಾಗಲ್ಲ, ಮುಖ ಬದಲಾಗಲ್ಲ, ಬಾತ್‌ರೂಮ್ ಯಾವ ಕಡೆ ಅಂತ ಕಾಲಿಗೇ ಗೊತ್ತಿರತ್ತೆ. ಹಣದ ಲೆಕ್ಕದಲ್ಲೂ ಅಗ್ಗ ಅನ್ಸತ್ತೆ, ಆದ್ರೆ ನೋಡ್ಕೊಳ್ಳೋರು ಬಿಟ್ಟ ಸಂಬಳಾನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಎಡವೋದು ಸಾಮಾನ್ಯವಾಗಿ ರಾತ್ರಿಯಲ್ಲಿ. ಹಗಲು ಎಷ್ಟೇ ಕಷ್ಟ ಆದ್ರೂ ರಾತ್ರಿ ಆರು ಗಂಟೆ ನಿದ್ದೆ ಸಿಕ್ರೆ ಮನುಷ್ಯ ತಡ್ಕೊಳ್ತಾನೆ, ಅದು ತಪ್ಪಿದ ಮೇಲೆ ಎರಡು ತಿಂಗಳಲ್ಲಿ ಮುಗೀತು. ನಂಗೆ ಗೊತ್ತಾಗಿದ್ದು ಯಾವಾಗ ಅಂದ್ರೆ, ಒಂದು ದಿನ ಬೆಳಗಿನ ಜಾವ ಮೂರು ಗಂಟೆಗೆ ಅತ್ತೆ ನಾಲ್ಕನೇ ಸಲ ಎದ್ದು ಲೈಟ್ ಹಾಕಿದಾಗ ಅವರ ಕೈನ ನಾನು ಎಷ್ಟು ಗಟ್ಟಿಯಾಗಿ ಹಿಡಿದೆ ಅಂದ್ರೆ ಬೆಳಗ್ಗೆ ಅಲ್ಲಿ ಬೆರಳಿನ ಗುರುತಿತ್ತು. ಅವರಿಗೆ ನೆನಪಿರ್ಲಿಲ್ಲ. ನಂಗೆ ಇದೆ.

ಈ ವ್ಯವಸ್ಥೆಲಿ ಇನ್ನೊಂದು ಕಾಟ ಇದೆ, ನೆಂಟರದ್ದು. ಡಿಮೆನ್ಶಿಯಾ ಇರೋರು ಹೊರಗಿನವರು ಬಂದಾಗ ಒಂದೆರಡು ಗಂಟೆ ಹೇಗೋ ಸಂಭಾಳಿಸ್ಕೊಂಡು ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂದ್ರೆ, ನಾದಿನಿ ಬಂದು ಕೂತು ನಗ್ತಾ ಮಾತಾಡ್ಸಿ ಹೋಗುವಾಗ "ಅಮ್ಮ ಚೆನ್ನಾಗೇ ಇದಾರಲ್ಲ, ವಯಸ್ಸಾಯ್ತು, ಸ್ವಲ್ಪ ಅರಳುಮರಳು ಅಷ್ಟೇ, ನೀನೇ ಸುಮ್ನೆ ಟೆನ್ಶನ್ ಮಾಡ್ಕೊಳ್ತೀಯ" ಅಂದು ಹೋಗ್ತಿದ್ಲು. ಗೇಟ್ ಹಾಕಿ ಒಳಗೆ ಬರೋಷ್ಟರಲ್ಲಿ ಅತ್ತೆ "ಯಾರು ಆ ಹೆಂಗಸು" ಅಂತಿದ್ರು.

ಮಕ್ಕಳು ಪಾಳಿ ಹಾಕ್ಕೊಳ್ಳೋದು

ಇದ್ರಲ್ಲಿ ಎರಡು ಥರ ಇದೆ, ಎರಡನ್ನೂ ಒಂದೇ ಅನ್ಕೊಂಡ್ರೆ ಮೋಸ ಹೋಗ್ತೀರ. ಒಂದು, ರೋಗಿನೇ ಮನೆಯಿಂದ ಮನೆಗೆ ತಿರುಗೋದು, ಮೂರು ತಿಂಗಳು ಇಲ್ಲಿ ಮೂರು ತಿಂಗಳು ಅಲ್ಲಿ. ನೋಡೋಕೆ ನ್ಯಾಯವಾಗಿ ಕಾಣತ್ತೆ. ಆದ್ರೆ ಹೊಸದನ್ನ ಕಲಿಯೋ ಶಕ್ತಿನೇ ಹೋಗಿರೋ ಮನುಷ್ಯನಿಗೆ ಪ್ರತಿ ಸಲ ಹೊಸ ಬಾತ್‌ರೂಮ್, ಹೊಸ ಮೆಟ್ಟಿಲು, ಹೊಸ ಸ್ವಿಚ್. ಅವರು ಹೊಂದ್ಕೊಳ್ಳೋಷ್ಟರಲ್ಲಿ ಪಾಳಿ ಮುಗಿದಿರತ್ತೆ. ನಮ್ಮಲ್ಲಿ ಮೈದುನನ ಮನೆಗೆ ಹೋದ ಮೂರನೇ ರಾತ್ರಿ ಅತ್ತೆ ಬಟ್ಟೆ ಇಡೋ ಬೀರುನ ಬಾತ್‌ರೂಮ್ ಅನ್ಕೊಂಡ್ರು, ಅಲ್ಲಿಗೆ ಆ ಪಾಳಿ ನಿಂತೋಯ್ತು.

ಇನ್ನೊಂದು ಥರ, ರೋಗಿ ಒಂದೇ ಕಡೆ ಇರ್ತಾರೆ, ಮಕ್ಕಳು ಬಂದು ಹೋಗ್ತಾರೆ. ಇದು ನನ್ನ ಪ್ರಕಾರ ಮೇಲು, ಆದ್ರೆ ನಡೆಸೋದು ಕಷ್ಟ, "ನಾವೆಲ್ಲಾ ಸೇರಿ ನೋಡ್ಕೊಳ್ಳೋಣ" ಅನ್ನೋ ಮಾತು ಯಾವತ್ತೂ ದಿನಚರಿ ಆಗಲ್ಲ. ಕಾಗದದ ಮೇಲೆ ಬರೀಬೇಕು. ಮಂಗಳವಾರ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ರೆ ಯಾರು ಏಳ್ತಾರೆ, ಈ ಒಂದು ಪ್ರಶ್ನೆಗೆ ಹೆಸರು ಬರೀರಿ ನೋಡೋಣ. ಹೆಸರು ಬರ್ಲಿಲ್ಲ ಅಂದ್ರೆ ನಿಮ್ಮಲ್ಲಿ ಪಾಳಿ ಇಲ್ಲ, ಬರೀ ಸಲಹೆ ಕೊಡೋರಿದಾರೆ ಅಂತ ಅರ್ಥ. ದೂರದಲ್ಲಿರೋರು ರಾತ್ರಿ ಬರೋಕಾಗಲ್ಲ ಸರಿ, ಅವರಿಗೆ ಔಷಧಿ, ಡಾಕ್ಟರ್ ಅಪಾಯಿಂಟ್‌ಮೆಂಟ್, ಬ್ಯಾಂಕು, ಬಿಲ್ಲು, ಇನ್ಶೂರೆನ್ಸ್ ಕಾಗದ ಪೂರ್ತಿ ಒಪ್ಪಿಸ್ಬಿಡಿ, "ಸಹಾಯ ಬೇಕಾದ್ರೆ ಹೇಳು" ಅನ್ನೋಕೆ ಅವಕಾಶ ಕೊಡ್ಬೇಡಿ.

ಮನೆಗೆ ಆಯಾ ಅಥವಾ ಅಟೆಂಡರ್

ಮೈಯ ಭಾರ ಇಳಿಸೋಕೆ ಇದಕ್ಕಿಂತ ನೇರ ದಾರಿ ಇಲ್ಲ. ಸ್ನಾನ, ಡೈಪರ್, ಎತ್ತೋದು, ಮಗ್ಗುಲು ಬದಲಾಯಿಸೋದು ಇವನ್ನ ಕಲಿತವರು ಮಾಡೋದಕ್ಕೂ ನಾವು ಮಾಡೋದಕ್ಕೂ ಅಜಗಜಾಂತರ. ಆದ್ರೆ ನಮ್ಮ ಹತ್ರ ಒಂದಲ್ಲ, ಎಂಟು ತಿಂಗಳಲ್ಲಿ ನಾಲ್ಕು ಜನ ಬಂದು ಹೋದ್ರು. ಪ್ರತಿ ಸಲ ಮೊದಲಿಂದ ಹೇಳ್ಕೊಡಬೇಕು, ಅತ್ತೆ ಪ್ರತಿ ಸಲ "ಈ ಯಾರೋ ನನ್ನ ರೂಮಲ್ಲಿ ಯಾಕಿದಾರೆ" ಅಂತ ಶುರು ಮಾಡ್ಬೇಕು. ಅಂದ್ರೆ ಮೈಕೆಲಸ ಕಮ್ಮಿ ಆಯ್ತು, ಮ್ಯಾನೇಜರ್ ಕೆಲಸ ಜಾಸ್ತಿ ಆಯ್ತು. ಕಳಿಸಿಕೊಟ್ಟ ಏಜೆನ್ಸಿಯವರು "ಡಿಮೆನ್ಶಿಯಾ ಟ್ರೈನಿಂಗ್ ಆಗಿದೆ ಮೇಡಂ" ಅಂದಿದ್ರು, ಬಂದವಳು ಮೊದಲ ದಿನವೇ ಅತ್ತೆ ಮುಂದೆ ಕೂತು "ನಾನ್ಯಾರು ಹೇಳಿ, ಇವತ್ತು ಯಾವ ವಾರ ಹೇಳಿ" ಅಂತ ಪರೀಕ್ಷೆ ಮಾಡ್ತಿದ್ಲು, ಅತ್ತೆ ಮುಖ ಸಣ್ಣದು ಮಾಡ್ಕೊಂಡು ನನ್ನ ಕಡೆ ನೋಡ್ತಿದ್ರು. ಅಲ್ಲಿಂದ ಮೇಲೆ ನಾನು ಆಯ್ಕೆ ಮಾಡುವಾಗ ಕೇಳ್ತಿದ್ದ ಪ್ರಶ್ನೆ ಒಂದೇ: "ಸತ್ತುಹೋಗಿರೋ ಅವರಮ್ಮನ್ನ ಕೇಳಿದ್ರೆ ನೀವು ಏನಂತೀರ?" "ಸತ್ತೋಗಿದಾರೆ ಅಂತೀನಿ" ಅಂದೋರಿಗೆ ಬೇಡ ಅಂದೆ. ದಿನಾ ಐದು ಸಲ ಹೊಸದಾಗಿ ತಾಯಿನ ಕಳ್ಕೊಳ್ಳೋ ಹಾಗೆ ಮಾಡೋದು ಯಾಕೆ. ಐದನೇಯವಳು "ನಿಮ್ಮಮ್ಮ ಹೇಗಿದ್ರು, ಹೇಳಿ ಅಂತೀನಿ" ಅಂದ್ಲು, ಅವಳು ಎರಡು ವರ್ಷ ಇದ್ಲು.

ದುಡ್ಡು ಸೀಮಿತ ಇದ್ರೆ ಹಗಲಿಗೆ ಬೇಕೋ ರಾತ್ರಿಗೆ ಬೇಕೋ ಅನ್ನೋ ಪ್ರಶ್ನೆ ಬರತ್ತೆ. ಎಲ್ಲರೂ ಹಗಲಿಗೆ ಇಟ್ಕೊಳ್ತಾರೆ. ನೀವು ಕೆಲಸಕ್ಕೆ ಹೋಗೋರಲ್ಲದಿದ್ರೆ ರಾತ್ರಿಗೆ ಇಟ್ಕೊಳ್ಳಿ, ವಾರಕ್ಕೆ ಮೂರು ರಾತ್ರಿ ಆದ್ರೂ ಪರವಾಗಿಲ್ಲ. ರಾತ್ರಿಗೆ ಬಂದೋರು ಎಚ್ಚರ ಇರ್ಬೇಕು ಅನ್ನೋದನ್ನ ಮೊದಲೇ ಮಾತಾಡಿ, ಇಲ್ಲ ಅಂದ್ರೆ ನಿದ್ದೆ ಮಾಡೋರು ಒಬ್ರು ಜಾಸ್ತಿ ಆಗ್ತಾರೆ.

ಡೇ ಕೇರ್, ಮತ್ತೆ ಕೆಲವು ದಿನ ಬಿಟ್ಟು ಬರೋದು

ಬೆಳಗ್ಗೆ ಬಿಟ್ಟು ಸಾಯಂಕಾಲ ಕರ್ಕೊಂಡು ಬರೋ ಕೇಂದ್ರ. ಶುರುವಿನಿಂದ ಮಧ್ಯದ ಹಂತದವರಿಗೆ, ಜನರ ಜೊತೆ ಇಷ್ಟಪಡೋರಿಗೆ ಸರಿಹೋಗತ್ತೆ. ನೋಡ್ಕೊಳ್ಳೋರ ಒಂಟಿತನಕ್ಕೆ ಇದೇ ಅತ್ಯುತ್ತಮ ಔಷಧಿ, ಕೆಲಸ ಬಿಡದೇ ಇರೋಕೂ ಇದೇ ದಾರಿ. ಹಗಲು ಸ್ವಲ್ಪ ಚಟುವಟಿಕೆ ಇದ್ರೆ ಮಧ್ಯಾಹ್ನದ ಉದ್ದ ನಿದ್ದೆ ತಪ್ಪಿ, ಕೆಲವರಿಗೆ ರಾತ್ರಿ ನಿದ್ದೆ ಸುಧಾರಿಸೋದೂ ಉಂಟು. ಕಷ್ಟ ಏನಂದ್ರೆ ಬೆಳಗ್ಗೆ ಹೊರಡಿಸೋದೇ ಒಂದು ಯುದ್ಧ, ಅದೂ ಅಲ್ದೆ ಕೈ ಎತ್ತೋರನ್ನ, ಆಚೆ ಓಡಿಹೋಗೋರನ್ನ ಕೆಲವು ಕಡೆ ತಗೊಳ್ಳಲ್ಲ, ಅಂದ್ರೆ ನಿಮಗೆ ತೀರಾ ಬೇಕಾದ ಹೊತ್ತಲ್ಲಿ ಕೈಬಿಡತ್ತೆ. ಮೊದಲ ಎರಡು ವಾರ ಅಳು, ಹಠ ಇರತ್ತೆ, ಅಲ್ಲಿಗೇ ನಿಲ್ಲಿಸ್ಬೇಡಿ, ಒಂದು ತಿಂಗಳು ನೋಡಿ. ವಾರಕ್ಕೆ ಒಂದು ದಿನ ಕಳಿಸೋದು ಮಾತ್ರ ವೇಸ್ಟು, ಅವರಿಗೆ ಪ್ರತಿ ವಾರ ಅದು ಹೊಸ ಜಾಗ. ಎರಡು ಮೂರು ದಿನ ಆದ್ರೂ ಬೇಕು.

ವಾರವೋ ಹದಿನೈದು ದಿನವೋ ಕೇರ್ ಹೋಮಲ್ಲಿ ಬಿಟ್ಟು ಬರೋ ವ್ಯವಸ್ಥೆನೂ ಇದೆ. ನಿಮಗೆ ಆಪರೇಷನ್ ಆಗ್ಬೇಕಿದ್ರೆ, ಮನೇಲಿ ಮದುವೆ ಇದ್ರೆ. ವಾಪಸ್ ಬಂದಾಗ ಸ್ವಲ್ಪ ದಿನ ಗೊಂದಲ ಜಾಸ್ತಿ ಇರತ್ತೆ, ಅದಕ್ಕೆ ರೆಡಿ ಇರಿ.

ಕೇರ್ ಹೋಮ್

ಇದರ ಬಗ್ಗೆ ಮಾತಾಡೋಕೇ ಜನ ಹೆದರ್ತಾರೆ, "ಅಲ್ಲಿ ಬಿಟ್ಟುಬಂದ್ರಂತೆ" ಅನ್ನೋ ಮಾತು ಬರತ್ತಲ್ಲ. ನೇರವಾಗಿ ಹೇಳ್ತೀನಿ: ಇಬ್ಬರು ಮೂವರು ಪಾಳಿ ಮೇಲೆ ಎಚ್ಚರ ಇರೋ ಕೆಲಸಾನ ಒಬ್ಬ ಮನುಷ್ಯ ವರ್ಷಗಟ್ಟಲೆ ಮಾಡೋಕಾಗಲ್ಲ, ಅದಕ್ಕೂ ಪ್ರೀತಿಗೂ ಸಂಬಂಧ ಇಲ್ಲ. ನಿದ್ದೆ, ಮೈಭಾರ ಎರಡೂ ಇಳಿಯತ್ತೆ. ತಪ್ಪು ಮಾಡ್ದೆ ಅನ್ನೋ ಭಾವನೆ ಮಾತ್ರ ಏರತ್ತೆ, ಅದೂ ಮೊದಲ ಮೂರು ತಿಂಗಳು ಭಯಂಕರವಾಗಿ. ಬಹಳ ಜನ ಅನ್ಕೊಳ್ತಾರೆ ಅಲ್ಲಿ ಸೇರ್ಸಿದ ದಿನ ನಿರಾಳ ಆಗತ್ತೆ ಅಂತ. ನಾನು ಮೊದಲ ವಾರ ರಾತ್ರಿ ಮೂರಕ್ಕೆ ತಾನಾಗೇ ಎದ್ದು ಕೂರ್ತಿದ್ದೆ, ಏಳೋಕೆ ಕಾರಣ ಇರ್ಲಿಲ್ಲ.

ಆರಿಸುವಾಗ ಕಟ್ಟಡ, ಗಾರ್ಡನ್, ಟೈಲ್ಸ್ ನೋಡಿ ಮರುಳಾಗ್ಬೇಡಿ. ಸಾಯಂಕಾಲ ಐದರಿಂದ ಏಳರ ನಡುವೆ ಹೇಳದೇ ಹೋಗಿ. ಡಿಮೆನ್ಶಿಯಾ ಇರೋರಲ್ಲಿ ಗೊಂದಲ, ಚಡಪಡಿಕೆ ಜಾಸ್ತಿ ಆಗೋ ಹೊತ್ತದು, ಸ್ಟಾಫ್ ಶಿಫ್ಟ್ ಬದಲಾಗೋದೂ ಕೆಲವು ಕಡೆ ಅದೇ ಹೊತ್ತಿಗೆ. ಆಗ ಎಲ್ಲರೂ ಕುರ್ಚಿಲಿ ತೂಕಡಿಸ್ತಾ ಇದ್ರೆ ಅನುಮಾನ ಪಡಿ. ಶಾಂತವಾಗಿಡೋಕೆ ಅಂತ ಕೊಡೋ ಆಂಟಿಸೈಕೋಟಿಕ್ ಮಾತ್ರೆಗಳು ಡಿಮೆನ್ಶಿಯಾ ಇರೋ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಹಾಕ್ಸಿದಾರೆ. ಬೇಡವೇ ಬೇಡ ಅಂತಲ್ಲ, ಯಾಕೆ ಕೊಡ್ತಿದೀರ, ಎಷ್ಟು ದಿನ, ಯಾವಾಗ ನಿಲ್ಲಿಸ್ತೀರ ಅಂತ ಕೇಳಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸ್ಟಾಫ್ ಅಂತಲೂ ಕೇಳಿ, ಹಗಲಿನ ಲೆಕ್ಕ ಹೇಳ್ತಾರೆ, ಬಿಡ್ಬೇಡಿ. ನೆದರ್‌ಲೆಂಡ್ಸ್‌ನ ವೇಸ್ಪ್ ಅನ್ನೋ ಊರಲ್ಲಿ ಹೋಗೆವೆಯ್ಕ್ ಅಂತ ಒಂದು ಪುಟ್ಟ ಹಳ್ಳಿ ಥರದ ಜಾಗವೇ ಇದೆ, ಡಿಮೆನ್ಶಿಯಾ ಇರೋರು ಸಣ್ಣ ಸಣ್ಣ ಮನೆಗಳಲ್ಲಿ ಇದ್ದು, ಬೀದಿ ಅಂಗಡಿ ಅಂತ ಓಡಾಡ್ಕೊಂಡಿರ್ತಾರೆ. ಅಂಥದ್ದು ಎಲ್ಲರಿಗೂ ಎಲ್ಲಿ ಸಿಗತ್ತೆ, ಆದ್ರೆ ನೋಡೋಕೆ ಹೋದ ಕಡೆ ಜನ ಓಡಾಡೋಕೆ ಜಾಗ ಇದೆಯಾ ಅಂತ ನೋಡೋಕೆ ಅದು ಒಂದು ಅಳತೆಗೋಲು.

ಯಾವ ಡಿಮೆನ್ಶಿಯಾ ಅನ್ನೋದೂ ಲೆಕ್ಕಕ್ಕೆ ಬರತ್ತೆ

ಡಿಮೆನ್ಶಿಯಾದಲ್ಲಿ ಹಲವು ಥರ ಇದೆ, ಅದ್ರಲ್ಲಿ ಆಲ್‌ಜ಼ೈಮರ್ಸ್ ಅನ್ನೋದೇ ಸುಮಾರು 60ರಿಂದ 70 ಪರ್ಸೆಂಟ್, ಅದಕ್ಕೇ ಎಲ್ಲಾ ಸಲಹೆನೂ ಅದನ್ನೇ ಮನಸ್ಸಲ್ಲಿಟ್ಟು ಬರೆದಿರ್ತಾರೆ. ಲೂಯಿ ಬಾಡಿ ಥರದ್ದಾದ್ರೆ ಇಲ್ಲದವರು ಕಾಣಿಸೋದು, ನಿದ್ದೇಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸೋದು, ಬೀಳೋದು ಬೇಗ ಶುರು ಆಗಬಹುದು, ರಾತ್ರಿ ಸಹಾಯ ಬೇಗ ಬೇಕಾಗತ್ತೆ, ಮೇಲೆ ಹೇಳಿದ ಆಂಟಿಸೈಕೋಟಿಕ್ ಮಾತ್ರೆಗಳು ಅವರಿಗೆ ಇನ್ನೂ ಅಪಾಯ. ಫ್ರಂಟೋಟೆಂಪೊರಲ್ ಅನ್ನೋ ಥರದ್ದಾದ್ರೆ ನೆನಪು ಸುಮಾರಾಗಿ ಇದ್ದು ಸ್ವಭಾವವೇ ಬದಲಾಗತ್ತೆ, ಎಷ್ಟೋ ಸಲ 65ಕ್ಕಿಂತ ಮುಂಚೆ, ಮೈಯಲ್ಲಿ ಶಕ್ತಿ ಇರೋ ವಯಸ್ಸಲ್ಲಿ. ಅಂಥವರನ್ನ ಒಬ್ಬರೇ ನೋಡ್ಕೊಳ್ಳೋಕೆ ಹೋಗ್ಲೇಬೇಡಿ. ಇನ್ನೊಂದು, ಒಂದೆರಡು ದಿನದಲ್ಲಿ ಇದ್ದಕ್ಕಿದ್ದ ಹಾಗೆ ತೀರಾ ಹದಗೆಟ್ರೆ ಕಾಯಿಲೆ ಮುಂದುವರೀತು ಅಂತ ಕೇರ್ ಹೋಮ್ ಹುಡುಕೋಕೆ ಹೊರಡ್ಬೇಡಿ, ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ನೀರು ಕಮ್ಮಿ ಆಗಿರೋದು, ಇಂಥದ್ದೇನೋ ಇರತ್ತೆ. ಅದೇ ದಿನ ಡಾಕ್ಟರ್ ಹತ್ರ ಹೋಗಿ.

ಯಾವುದನ್ನ ಆರಿಸಿದ್ರೂ ಜೊತೆಗೆ ಇದೊಂದು

ನಾನು ತಡವಾಗಿ ಮಾಡಿದ್ದು ಅಂದ್ರೆ ನೋಡ್ಕೊಳ್ಳೋರಿಗೆ ಇರೋ ತರಬೇತಿ, ಕೌನ್ಸೆಲಿಂಗ್. ಟೈಮ್ ಎಲ್ಲಿದೆ, ಮಾತಾಡಿದ್ರೆ ಏನು ಬರತ್ತೆ ಅಂತ ಮೂಗು ಮುರಿದಿದ್ದೆ. ನ್ಯೂಯಾರ್ಕ್‌ನಲ್ಲಿ ಮೇರಿ ಮಿಟೆಲ್ಮನ್ ಅನ್ನೋ ಸಂಶೋಧಕಿ ಮತ್ತು ಜೊತೆಯವರು ಆಲ್‌ಜ಼ೈಮರ್ಸ್ ಇರೋ ಗಂಡ ಅಥವಾ ಹೆಂಡತಿನ ನೋಡ್ಕೊಳ್ತಿದ್ದ 406 ಜನರಲ್ಲಿ ಅರ್ಧದಷ್ಟು ಜನಕ್ಕೆ ಆರು ಕೌನ್ಸೆಲಿಂಗ್, ಅದ್ರಲ್ಲಿ ನಾಲ್ಕು ಸಲ ಕುಟುಂಬದವರನ್ನೂ ಕೂರಿಸ್ಕೊಂಡು, ಜೊತೆಗೆ ಸಪೋರ್ಟ್ ಗ್ರೂಪು, ಬೇಕಾದಾಗ ಫೋನಲ್ಲಿ ಸಲಹೆ ಕೊಟ್ಟು ನೋಡಿದ್ರು. 2006ರಲ್ಲಿ ಬಂದ ಫಲಿತಾಂಶ: ಅದು ಸಿಕ್ಕಿದ ಮನೆಗಳಲ್ಲಿ ನರ್ಸಿಂಗ್ ಹೋಮಿಗೆ ಸೇರಿಸೋದು ಸುಮಾರು 557 ದಿನ ಮುಂದಕ್ಕೆ ಹೋಗಿತ್ತು. ಒಂದೂವರೆ ವರ್ಷ. ಯಾವ ಮಾತ್ರೆಯಿಂದ್ಲೂ ನಂಗೆ ಅಷ್ಟು ಸಿಗ್ಲಿಲ್ಲ. ಹೊರಗೆ ಹೋಗೋಕಾಗದೋರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಅನ್ನೋ ಆನ್‌ಲೈನ್ ತರಬೇತಿ ಇದೆ.

ತರಬೇತಿಲಿ ಏನು ಕಲೀತೀರ ಅಂತ ಕೇಳೋರಿಗೆ ಒಂದು ಉದಾಹರಣೆ. ದಿನಾ ಸಾಯಂಕಾಲ ಅತ್ತೆ ಒಂದು ಬ್ಯಾಗಲ್ಲಿ ಟವೆಲ್, ಬಾಚಣಿಗೆ, ಟಿವಿ ರಿಮೋಟು ತುಂಬ್ಕೊಂಡು ಬಾಗ್ಲ ಹತ್ರ ನಿಂತು "ಕತ್ತಲಾಯ್ತು, ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ" ಅಂತಿದ್ರು. ನಾನು ಒಂದು ವರ್ಷ "ಇದೇ ನಿಮ್ಮನೆ ಅತ್ತೆ, ನೀವೇ ಕಟ್ಟಿಸಿದ್ದು" ಅಂತ ವಾದ ಮಾಡ್ದೆ, ಅವರು ಅತ್ರು, ನಾನು ಕಿರುಚಿದೆ. ಕೌನ್ಸೆಲರ್ ಹೇಳಿಕೊಟ್ಟಿದ್ದು ಇಷ್ಟೇ, ವಾದ ಬಿಡಿ, ಚಪ್ಪಲಿ ಹಾಕ್ಕೊಳ್ಳಿ. ಇಬ್ಬರೂ ಬ್ಯಾಗ್ ಹಿಡ್ಕೊಂಡು ಹೊರಗೆ ಒಂದು ಸುತ್ತು ನಡೆದು, ಅಮ್ಮನ ವಿಷ್ಯ ಮಾತಾಡ್ತಾ ವಾಪಸ್ ಅದೇ ಗೇಟಿಗೆ ಬರೋದು. "ಬಂತು ನೋಡು ಮನೆ" ಅಂತ ಅವರೇ ಚಪ್ಪಲಿ ಬಿಟ್ಟು ಒಳಗೆ ಹೋಗ್ತಿದ್ರು.

ಯಾವಾಗ ಬದಲಾಯಿಸ್ಬೇಕು

ಒಂದು ಸಲ ಆರಿಸಿದ್ದೇ ಕೊನೇತನಕ ಅಂತ ಹಠ ಬೇಡ. ನಿಮಗೆ ವಾರಗಟ್ಟಲೆ ಒಂದೇ ಸಮನೆ ನಿದ್ದೆ ಸಿಗ್ತಿಲ್ಲ, ನಿಮ್ಮದೇ ಬಿಪಿ ಸಕ್ಕರೆ ಚೆಕಪ್ಪು ಮುಂದೂಡ್ತಿದೀರ, ಎತ್ತೋಕೆ ಒಬ್ಬರಿಂದ ಆಗ್ತಿಲ್ಲ, ಅವರು ರಾತ್ರಿ ಆಚೆ ಹೋಗೋಕೆ ಶುರು ಮಾಡಿದಾರೆ, ಅಥವಾ ನಿಮ್ಮ ಕೈ ಒಂದು ಸಲ ಮೇಲೆದ್ದಿದೆ: ಇದ್ರಲ್ಲಿ ಒಂದಾದ್ರೂ ಮುಂದಿನ ವ್ಯವಸ್ಥೆ ಹುಡುಕೋ ಹೊತ್ತು ಬಂದಿದೆ. ಕೊನೇದು ಆಗಿದ್ರೆ ಅದೇ ವಾರ. ಕೇರ್ ಹೋಮ್ ಬೇಡ ಅಂತಲೇ ಇದ್ರೂ ಮೊದಲೇ ಹೋಗಿ ಎರಡು ಜಾಗ ನೋಡಿಟ್ಟಿರಿ, ಬಿದ್ದು ಸೊಂಟ ಮುರ್ಕೊಂಡು ಆಸ್ಪತ್ರೇಲಿರುವಾಗ ಹುಡುಕಿದ್ರೆ ಖಾಲಿ ಇರೋದನ್ನೇ ತಗೋಬೇಕಾಗತ್ತೆ. ಬ್ಯಾಂಕು, ಆಸ್ತಿ, ಚಿಕಿತ್ಸೆ ವಿಚಾರಕ್ಕೆ ಅವರ ಸಹಿ ಬೇಕಾದ ಕಾಗದಗಳನ್ನ ಅವರಿಗೆ ಅರ್ಥ ಆಗೋ ಹಂತದಲ್ಲೇ ವಕೀಲರ ಹತ್ರ ಕೂತು ಮುಗಿಸ್ಕೊಳ್ಳಿ.

ನಾವು ಅತ್ತೆನ ಸೇರಿಸುವಾಗ ಒಂದು ನೋಟ್‌ಬುಕ್ ಕೊಟ್ಟಿದ್ದೆ, ಹತ್ತು ಹನ್ನೆರಡು ಪುಟ. ಯಾವ ಕಡೆ ಮಲಗ್ತಾರೆ, ಸ್ನಾನಕ್ಕೆ ಮುಂಚೆ ನೀರು ಕೈಗೆ ಮುಟ್ಟಿಸಿ ತೋರಿಸ್ಬೇಕು, ಮಗಳ ಹೆಸರು ಹೇಳಿದ್ರೆ ಅಳ್ತಾರೆ, ಅಣ್ಣನ ಹೆಸರು ಹೇಳಿದ್ರೆ ನಗ್ತಾರೆ, ಇಂಥವು. ಕೊಡುವಾಗ ಇದನ್ನ ಯಾರು ಓದ್ತಾರೆ ಅನ್ಕೊಂಡಿದ್ದೆ. ಐದನೇ ದಿನ ಸಾಯಂಕಾಲ ಅಲ್ಲಿಂದ ಫೋನ್ ಬಂತು, ಎದೆ ಧಸಕ್ ಅಂತು. ಆ ಕಡೆ ಒಬ್ಬ ಹುಡುಗಿ, "ಮೇಡಂ, ಅಜ್ಜಿ ಬ್ಯಾಗ್ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ರು, ನೀವು ಬರೆದಿದ್ರಲ್ಲ, ಹಂಗೇ ಒಂದು ಸುತ್ತು ಹಾಕ್ಕೊಂಡು ಬಂದ್ವಿ. ಬ್ಯಾಗಲ್ಲಿ ನಮ್ಮ ಟಿವಿ ರಿಮೋಟ್ ಇದೆ, ಈಗ ಕೇಳಿದ್ರೆ ಬೇಜಾರ್ ಮಾಡ್ಕೊಳ್ತಾರಾ?"

ಮಲಗಿದ ಮೇಲೆ ತಗೊಳ್ಳಮ್ಮ, ಅಂದೆ.